ಮೈನಸ್ ನಲವತ್ತು ಡಿಗ್ರಿಯ ಲಾರಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಗಿರಣಿಯೊಂದರ ಗೇಟಿನ ಮುಂದೆ ನಮ್ಮ ಹತ್ತು ಗಾಲಿಯ ಲಾರಿ ನಿಂತಿತ್ತು. ಬಾಗಿಲಿನ ಹಿಡಿಕೆ ಮುಟ್ಟಿದರೆ ಅಂಗೈ ಚುರುಗುಟ್ಟುವಂಥ ಬಿಸಿಲು. ಎಂಜಿನ್ ಚಾಲೂ ಆಗಿ ಇಪ್ಪತ್ತು ನಿಮಿಷವಾಗಿತ್ತು. ನನ್ನ ಮೊಬೈಲ್ ಪರದೆ ಮಾತ್ರ ಎಂಜಿನ್ನಿನ ನೀರಿನ ಬಿಸಿ ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿತ್ತು. ನಮ್ಮ ಚಾಲಕ ಕಾಕಾ ಇಣುಕಿ ನೋಡಿ, "ಸಣ್ಣ ಸಾಹುಕಾರರೇ, ತೊಗರಿಬೇಳೆ ಇಳಿಸಿಬಿಡಿ, ಕುಲ್ಫಿ ತುಂಬೋಣ" ಎಂದರು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿಂದಿನ ತಿಂಗಳಷ್ಟೇ ಇದೇ ಲಾರಿ ನನ್ನ ಕಿಸೆ ಖಾಲಿ ಮಾಡಿತ್ತು. ಬೇಳೆ ಮೂಟೆ ಹೇರಿಕೊಂಡು ಹೈದರಾಬಾದಿಗೆ ಹೊರಟಿದ್ದ ಗಾಡಿ ಕಮಲಾಪುರ ದಾಟಿ ಹುಮನಾಬಾದ್ ಕಡೆಗೆ ಏರುವಾಗ ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಕ್ಲಿಪ್ಪಿನ ಬಳಿ ಸೀಳಿತು. ನೀರೆಲ್ಲ ರಸ್ತೆಗೆ ಹೋಯಿತು. ಕಾಕಾ ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರು, ನನ್ನ ತಂದೆಯ ಕಾಲದಿಂದ ನಮ್ಮಲ್ಲೇ ಇರುವವರು. ಮೀಟರಿನ ಮುಳ್ಳನ್ನು ನೋಡದೆ ಓಡಿಸಿದರು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವರು ನೋಡಿದ್ದರು. ಮುಳ್ಳು ಸ್ವಲ್ಪ ಮೇಲೆದ್ದು, ಆಮೇಲೆ ತಾನಾಗಿಯೇ ಕೆಳಗಿಳಿದಿತ್ತು. ಗಾಳಿ ಬಡಿದು ತಂಪಾಯಿತೆಂದು ಕಾಕಾ ಮುಂದೆ ಹೋದರು. ಐದಾರು ಕಿಲೋಮೀಟರ್ ಆಗುವುದರೊಳಗೆ ಎಳೆತ ಸತ್ತು, ಬಿಳಿ ಹೊಗೆ ಬಂದು, ಗಾಡಿ ನಿಂತಿತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಬಿಗಿಯಾಗಿ ಕೂರುವ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಸೊಟ್ಟಗಾಗಿತ್ತು. ಮಾಲನ್ನು ಬೇರೆ ಗಾಡಿಗೆ ಸಾಗಿಸಿದ ಹಮಾಲಿ, ಎಳೆದು ತಂದ ಖರ್ಚು, ಹನ್ನೊಂದು ದಿನದ ಬಾಡಿಗೆ ನಷ್ಟ. ಬ್ಯಾಂಕಿನ ಕಂತು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಹುಮನಾಬಾದ್ ರಿಂಗ್ ರೋಡಿನ ಗ್ಯಾರೇಜಿನಲ್ಲಿ ಉಸ್ತಾದ್ ಆ ಹಳೆಯ ಹೋಸನ್ನು ಉದ್ದಕ್ಕೆ ಕೊಯ್ದು ತೋರಿಸಿದರು. ಒಳಗೆ ಸುಣ್ಣ ಬಳಿದಂತೆ ಬಿಳಿ ಪದರು. ಶಹಾಬಾದ್ ಕಲ್ಲಿನ ಸೀಮೆ ನಮ್ಮದು. ಸುಣ್ಣದ ಕಲ್ಲಿನ ಮೇಲೆ ಕೂತವರು ಬೋರ್‌ವೆಲ್ ನೀರು ತುಂಬಿದರೆ ರೇಡಿಯೇಟರ್ ಇನ್ನೇನಾಗುತ್ತದೆ? ಎಂಜಿನ್ ತಂಪಾಗಿಡುವ ದ್ರವ ಕೂಲೆಂಟ್ ದುಬಾರಿ ಎಂದು ಢಾಬಾದ ನಲ್ಲಿಯಿಂದ ನೀರು ತುಂಬಿಸಲು ಹೇಳಿದ್ದವನು ನಾನೇ. ಅದಿರಲಿ. ಉಸ್ತಾದ್ ಹೆಬ್ಬೆರಳಿನಷ್ಟಿರುವ ಹಿತ್ತಾಳೆಯ ಸೆನ್ಸರನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದರ ತುದಿ ನೀರಿನಲ್ಲಿ ಮುಳುಗಿದ್ದರೆ ನೀರಿನ ಬಿಸಿ ಹೇಳುತ್ತದೆ. ನೀರೇ ಇಲ್ಲದಿದ್ದರೆ ಸುತ್ತಲಿನ ಗಾಳಿಯ ಬಿಸಿ ಹೇಳುತ್ತದೆ. ಅದರದೇನು ತಪ್ಪು?" ಎಂದರು. ಎಂಜಿನ್ ಕಬ್ಬಿಣ ಕಾದು ಕೆಂಪಾಗುತ್ತಿದ್ದಾಗ ಮುಳ್ಳು ಇಳಿದದ್ದು ಹಾಗೆ.

ಎಂಜಿನ್ನಿನ ಒಳಗಿನ ನಿಜವಾದ ಅಂಕಿಗಳನ್ನು ಚಾಲಕನ ಕಣ್ಣೆದುರು ಇಡುವ, ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲೆಂದು ಕ್ಯಾಬಿನ್ನಿನಲ್ಲಿ ಕೊಟ್ಟಿರುವ ಸಾಕೆಟ್ಟಿಗೆ ಚುಚ್ಚುವ ಸಾಧನವೊಂದನ್ನು ಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದು ಅಂದು ಸಂಜೆ. ಸರಿಯಾದದ್ದು ಕೈಗೆ ಬರುವ ಹೊತ್ತಿಗೆ ಆರು ವಾರ ಕಳೆದವು.

ಮೊದಲ ಹುಡುಕಾಟ ಎಲ್ಲರಂತೆ ಮೊಬೈಲಿನಲ್ಲೇ. ಅಮೆರಿಕದ ಲಾರಿಯವರು ಒಂಬತ್ತು ತೂತಿನ ದುಂಡನೆಯ ಸಾಕೆಟ್ಟಿಗೆ ಚುಚ್ಚಿ ತೋರಿಸುವ ವಿಡಿಯೋಗಳೇ ಎಲ್ಲೆಲ್ಲೂ. ಅವುಗಳಲ್ಲೂ ಕಪ್ಪು ಬಣ್ಣದ್ದು ಹಳೆಯದು, ಹಸಿರು ಬಣ್ಣದ್ದು ಹೊಸದು. ಕಪ್ಪಿನಲ್ಲಿ ಮಾಹಿತಿ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಹರಿದರೆ ಹಸಿರಿನಲ್ಲಿ 500. ಇಷ್ಟೆಲ್ಲ ಓದಿ ತಲೆಗೆ ತುಂಬಿಕೊಂಡು ಕ್ಯಾಬಿನ್ನಿನಲ್ಲಿ ಮಂಡಿಯೂರಿ ಟಾರ್ಚು ಹಿಡಿದು ನೋಡಿದರೆ, 2018ರ ನಮ್ಮ ಬಿಎಸ್-4 (ಹೊಗೆ ನಿಯಮದ ಒಂದು ಹಂತ) ಲಾರಿಯಲ್ಲಿ ಇದ್ದದ್ದು ಕಾರುಗಳಲ್ಲಿರುವಂಥದೇ ಹದಿನಾರು ತೂತಿನ ಸಾಕೆಟ್. ಖುಷಿಯಾಯಿತು. ಕಾರಿನದು ಅಗ್ಗ. ₹650 ಕೊಟ್ಟು ಬೆಂಕಿಪೊಟ್ಟಣದ ಗಾತ್ರದ ಬ್ಲೂಟೂತ್ ಸಾಧನ ತರಿಸಿದೆ.

ಅದು ಸಾಕೆಟ್ಟಿನೊಳಗೆ ಹೋಗಲೇ ಇಲ್ಲ. ಎರಡು ಸಾಲು ತೂತುಗಳ ನಡುವೆ ಅಡ್ಡಕ್ಕೆ ಒಂದು ಸೀಳು ಇರುತ್ತದೆ. ಕಾರಿನಲ್ಲಿ ಆ ಸೀಳು ಈ ತುದಿಯಿಂದ ಆ ತುದಿಗೆ ಅಖಂಡವಾಗಿರುತ್ತದೆ. ನಮ್ಮ ಲಾರಿಯಲ್ಲಿ ನಟ್ಟನಡುವೆ ಕಡಲೆಬೇಳೆಯಷ್ಟು ಪ್ಲಾಸ್ಟಿಕ್ ಅಡ್ಡ ಬಂದು ಸೀಳನ್ನು ಎರಡು ತುಂಡು ಮಾಡಿತ್ತು. ಗ್ಯಾರೇಜಿನ ಹುಡುಗ, "ಕಂಪನಿಯವರ ಕೆಲಸ ಸರಿಯಿಲ್ಲ ಅಣ್ಣಾ, ಎರಡು ನಿಮಿಷ ಕೊಡಿ" ಎಂದು ಅರ ತೆಗೆದುಕೊಂಡು ಸಾಧನದ ಪಟ್ಟಿಯನ್ನೇ ಉಜ್ಜಿ ಸಣ್ಣದು ಮಾಡಿದ. ಹೋಯಿತು. ಕೆಂಪು ದೀಪ ಹತ್ತಿತು. ಮೊಬೈಲ್ ಜೋಡಣೆಯಾಯಿತು. ಆಗ ಬಂದದ್ದೇ ಆ ಮೈನಸ್ 40. ಎಂಜಿನ್ನಿನ ಸುತ್ತು ಸೊನ್ನೆ. ಹತ್ತು ನಿಮಿಷದೊಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಕೆಂಪು ದೀಪ ಆರಿತು. ಕಾಕಾ ಅದನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು ಕಿತ್ತು ಹೊರಗೆಸೆದರು.

ನನ್ನ ಅಕ್ಕನ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ, ಎಲೆಕ್ಟ್ರಾನಿಕ್ಸ್ ಶಾಖೆ. ಭಾನುವಾರ ಊಟಕ್ಕೆ ಬಂದವನಿಗೆ ಆ ಸುಟ್ಟ ಡಬ್ಬಿ ತೋರಿಸಿದೆ. ರೊಟ್ಟಿ ಮುರಿಯುತ್ತಿದ್ದವನು ಕೈ ತೊಳೆದು ಬಂದು ಕೂತ. "ಮಾಮಾ, ಆ ಅಡ್ಡ ಪ್ಲಾಸ್ಟಿಕ್ ಇಟ್ಟಿರುವುದೇ ಇದು ಒಳಗೆ ಹೋಗಬಾರದೆಂದು" ಎಂದ. ನಡುವೆ ತುಂಡಾದ ಸೀಳು ಎಂದರೆ 24 ವೋಲ್ಟಿನ ಗಾಡಿ ಎಂಬ ಗುರುತು. 12 ವೋಲ್ಟಿನ ಪ್ಲಗ್ ಅದರೊಳಗೆ ಕೂರದಂತೆ ಬೇಕೆಂದೇ ಮಾಡಿದ ಏರ್ಪಾಡು. ನಾವು ಬಾಗಿಲ ಚಿಲಕವನ್ನೇ ಅರ ಹಾಕಿ ಉಜ್ಜಿದ್ದೆವು. ಡಬ್ಬಿ ಬಿಚ್ಚಿದರೆ ಒಳಗೆ ಮೂರು ಕಾಲಿನ ಒಂದು ಬಿಡಿಭಾಗ ಕಂದಿ ಹೋಗಿತ್ತು. ಹೆಚ್ಚುವರಿ ವೋಲ್ಟನ್ನೆಲ್ಲ ಶಾಖ ಮಾಡಿ ಹೊರಹಾಕುವುದು ಅದರ ಕೆಲಸ. ಕಾರಿನಲ್ಲಿ ಸಹಿಸುವಷ್ಟನ್ನು ಲಾರಿಯಲ್ಲಿ ಎರಡು ಪಟ್ಟಿಗೂ ಮೀರಿ ಸಹಿಸಬೇಕಾಗಿ ಬಂದು ಪ್ರಾಣ ಬಿಟ್ಟಿತ್ತು.

ಮೈನಸ್ 40ರ ಗುಟ್ಟನ್ನೂ ಅವನೇ ಬಿಡಿಸಿದ. ಎಂಜಿನ್ನಿನ ಕಂಪ್ಯೂಟರ್ ಉಷ್ಣಾಂಶವನ್ನು ಸೊನ್ನೆಯಿಂದ 255ರೊಳಗಿನ ಒಂದು ಅಂಕಿಯಾಗಿ ಕಳುಹಿಸುತ್ತದೆ. ಚಳಿ ದೇಶಗಳಲ್ಲಿ ಸೊನ್ನೆಗಿಂತ ಕೆಳಗಿನದನ್ನೂ ಹೇಳಬೇಕಲ್ಲ, ಅದಕ್ಕೆ ಬಂದ ಅಂಕಿಯಲ್ಲಿ ನಲವತ್ತು ಕಳೆಯಬೇಕೆಂದು ಒಪ್ಪಂದ. 130 ಬಂದರೆ 90 ಡಿಗ್ರಿ. ಏನೂ ಬಾರದೆ ಸೊನ್ನೆ ಎಂದುಕೊಂಡರೆ ಮೈನಸ್ ನಲವತ್ತು. ಅಂದರೆ ನನ್ನ ಡಬ್ಬಿ ಲಾರಿಯಿಂದ ಒಂದು ಅಕ್ಷರವನ್ನೂ ಕೇಳಿಸಿಕೊಂಡಿರಲಿಲ್ಲ, ಕೇಳಿಸಿತೆಂದು ಸುಳ್ಳು ಹೇಳುತ್ತಿತ್ತು.

ಕೇಳಿಸದಿರಲು ಕಾರಣ ಭಾಷೆ. ಕಾರಿನ ಪದ್ಧತಿಯಲ್ಲಿ ಸಾಧನವು ಪ್ರಶ್ನೆ ಕೇಳುತ್ತದೆ, ಕಂಪ್ಯೂಟರ್ ಉತ್ತರ ಕೊಡುತ್ತದೆ. ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ ನಡೆಯುವುದು ಜೆ1939 ಎಂಬ ಪದ್ಧತಿ. ಇದು ಇಸವಿಯಲ್ಲ, ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಕೊಟ್ಟ ಮಾನದಂಡದ ಸಂಖ್ಯೆ. ಅದರಲ್ಲಿ ಕಂಪ್ಯೂಟರ್ ಯಾರು ಕೇಳಲಿ ಬಿಡಲಿ ತನ್ನ ಪಾಡಿಗೆ ತಾನು ಡಂಗುರ ಸಾರುತ್ತಲೇ ಇರುತ್ತದೆ. ನೀರಿನ ಬಿಸಿಯನ್ನಂತೂ ಸೆಕೆಂಡಿಗೊಮ್ಮೆ ಸಾರುತ್ತದೆ. ಸಾಕೆಟ್ ಒಂದೇ ತರಹ ಕಂಡ ಮಾತ್ರಕ್ಕೆ ಒಳಗಿನ ಮಾತು ಒಂದೇ ಆಗಬೇಕಿಲ್ಲ.

ಅಳಿಯ ಮರುದಿನ ಮಲ್ಟಿಮೀಟರ್ ತಂದ. ಈ ಅರ್ಧ ಗಂಟೆಯ ಕೆಲಸವನ್ನು ಮೊದಲೇ ಮಾಡಿಸಿದ್ದರೆ ₹650 ಉಳಿಯುತ್ತಿತ್ತು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಾಕೆಟ್ಟಿನ ಅಗಲವಾದ ಬದಿ ಮೇಲಿರುವಂತೆ ನೋಡಿದರೆ ಮೇಲಿನ ಸಾಲು ಎಡದಿಂದ ಒಂದರಿಂದ ಎಂಟು, ಕೆಳಗಿನದು ಒಂಬತ್ತರಿಂದ ಹದಿನಾರು. ಹದಿನಾರನೆಯದು ಬ್ಯಾಟರಿ, ನಾಲ್ಕು ಮತ್ತು ಐದು ಅರ್ಥ್. ಹದಿನಾರು ಮತ್ತು ನಾಲ್ಕರ ನಡುವೆ ಅಳೆದಾಗ ಎಂಜಿನ್ ನಿಂತಿದ್ದರೆ 25, ಓಡುತ್ತಿದ್ದರೆ 28ರ ಹತ್ತಿರ ಬಂತು. ಆಮೇಲೆ ಬ್ಯಾಟರಿ ತಂತಿ ಕಳಚಿ, ಆರು ಮತ್ತು ಹದಿನಾಲ್ಕರ ನಡುವಿನ ಪ್ರತಿರೋಧ ಅಳೆದ. 60 ಓಮ್. ಅವನ ಮುಖ ಅರಳಿತು. ಆ ಎರಡು ತಂತಿಗಳ ಎರಡೂ ತುದಿಗೆ ತಲಾ 120 ಓಮಿನ ಒಂದೊಂದು ಪ್ರತಿರೋಧಕ ಇರಬೇಕು, ಎರಡೂ ಅಕ್ಕಪಕ್ಕ ಸಮಾನಾಂತರವಾಗಿ ಸೇರುವುದರಿಂದ ಅರ್ಧವಾಗಿ 60. "ಅಂದರೆ ಜಾಲ ಇಲ್ಲಿಯವರೆಗೆ ಬಂದಿದೆ ಮಾಮಾ, ತಂತಿ ಎಲ್ಲೂ ಕಡಿದಿಲ್ಲ" ಎಂದ. ಕಾಕಾ ಈ ಹೊತ್ತಿಗೆ ತಾಡಪತ್ರಿಯ ನೆರಳಿನಲ್ಲಿ ಮಲಗಿ ನಿದ್ದೆ ಹೋಗಿದ್ದರು.

ಈಗ ಏನು ಕೇಳಬೇಕೆಂದು ಗೊತ್ತಾಗಿತ್ತು, ಯಾವುದನ್ನು ಕೊಳ್ಳಬೇಕೆಂಬುದು ಬಾಕಿ ಇತ್ತು. ಉಸ್ತಾದರ ಬಳಿ ಇಟ್ಟಿಗೆಯಷ್ಟು ದಪ್ಪದ ಸ್ಕ್ಯಾನರ್ ಇದೆ. ಅಂಥದ್ದನ್ನೇ ಕೊಳ್ಳಲೇ ಎಂದು ಕೇಳಿದೆ. "ಇದು ಪಂಚನಾಮೆ ಮಾಡುವ ಯಂತ್ರ ಸಾಹುಕಾರ್. ಗಾಡಿ ಸತ್ತ ಮೇಲೆ ಬರುತ್ತದೆ. ನಿಮಗೆ ಕಾವಲುಗಾರ ಬೇಕು" ಎಂದು ತಮ್ಮ ವ್ಯಾಪಾರವನ್ನೇ ತಾವು ಕೆಡಿಸಿಕೊಂಡರು. ಗಾಡಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಮಾರುವ ಒಬ್ಬ ತರುಣ ಬಂದು, ಎಂಜಿನ್ನಿನ ಮಾಹಿತಿಯೂ ನಿಮ್ಮ ಮೊಬೈಲಿಗೇ ಬರುತ್ತದೆ, ತಿಂಗಳಿಗಿಷ್ಟು ಎಂದ. ಚೆನ್ನಾಗಿತ್ತು, ಹತ್ತು ಲಾರಿ ಇರುವವರಿಗೆ ಅದೇ ಸರಿ ಇರಬಹುದು. ಆದರೆ ಜಹೀರಾಬಾದಿನ ಹತ್ತಿರ ನೀರು ಕುದಿಯುವಾಗ ಕಲಬುರಗಿಯಲ್ಲಿ ಮಲಗಿರುವ ನನ್ನ ತಲೆದಿಂಬಿನ ಕೆಳಗೆ ಗಂಟೆ ಬಾರಿಸಿ ಏನು ಪ್ರಯೋಜನ? ನಾನೆದ್ದು, ಕನ್ನಡಕ ಹುಡುಕಿ, ಕಾಕಾಗೆ ಫೋನ್ ಹಚ್ಚಿ, ಅವರು ಅದನ್ನು ಎತ್ತುವಷ್ಟರಲ್ಲಿ ಇನ್ನೊಂದು ಗ್ಯಾಸ್ಕೆಟ್ ಹೋಗಿರುತ್ತದೆ.

ಉಳಿದದ್ದು ಡ್ಯಾಶ್‌ಬೋರ್ಡಿನ ಮೇಲೆ ಕೂರುವ ಸಣ್ಣ ಪರದೆ. ಹೈದರಾಬಾದಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸಿಗುತ್ತದೆಂದು ತಿಳಿದು, ಮುಂದಿನ ಟ್ರಿಪ್ಪಿನಲ್ಲಿ ಕಾಕಾ ಜತೆ ನಾನೂ ಹೋದೆ. ಬೇಳೆ ಇಳಿಸಿ, ಖಾಲಿ ಲಾರಿಯನ್ನು ಅಂಗಡಿಯ ಬೀದಿಯ ತುದಿಯಲ್ಲಿ ನಿಲ್ಲಿಸಿಕೊಂಡು, ಚುಚ್ಚಿ ನೋಡದೆ ಹಣ ಕೊಡುವುದಿಲ್ಲ ಎಂದೆ. ಅಂಗಡಿಯವರು ಮೂರು ಬಗೆ ತೆಗೆದಿಟ್ಟರು. ಒಂದರ ಡಬ್ಬಿಯ ಮೇಲೆ 9ರಿಂದ 16 ವೋಲ್ಟ್ ಎಂದಿತ್ತು, ಅದನ್ನು ಮುಟ್ಟಲೂ ಇಲ್ಲ. ಇನ್ನೊಂದರ ಪರದೆಯಲ್ಲಿ ಬಣ್ಣಬಣ್ಣದ ಇಪ್ಪತ್ತು ಗಡಿಯಾರಗಳು ಕುಣಿದವು. ಹೊರಗೆ ಬಿಸಿಲಿಗೆ ತಂದರೆ ಕನ್ನಡಿಯ ಹಾಗೆ ನನ್ನ ಮುಖವೇ ಕಂಡಿತು. ಮೂರನೆಯದು ನೋಡಲು ತೀರಾ ಸಾದಾ: ಎರಡೇ ಸಾಲು, ದಪ್ಪ ಬಿಳಿ ಅಂಕಿ, 8ರಿಂದ 32 ವೋಲ್ಟ್, ಜೆ1939 ಎಂದು ಮುದ್ರಿಸಿದ್ದರು. ಚುಚ್ಚಿದೊಡನೆ 81 ಎಂದಿತು. ಎಕ್ಸಲರೇಟರ್ ತುಳಿದರೆ ಸುತ್ತಿನ ಅಂಕಿ ಏರಿತು. ಆರು ವಾರದಲ್ಲಿ ಲಾರಿ ನನ್ನೊಡನೆ ಆಡಿದ ಮೊದಲ ನಿಜವಾದ ಮಾತು ಅದು.

ಆದರೂ ಒಂದು ಪ್ರಶ್ನೆ ಉಳಿದಿತ್ತು. "ಬಿಸಿ ಹೆಚ್ಚಾದರೆ ಕೂಗುತ್ತದೆ, ಸರಿ. ಕಡಿಮೆಯಾದರೂ ಕೂಗುತ್ತದೆಯೇ?" ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಡಿಮೆಯಾದರೆ ಒಳ್ಳೆಯದಲ್ಲವೇ ಎಂದರು. ನನ್ನ ಗ್ಯಾಸ್ಕೆಟ್ ಹೋದದ್ದು ಕಡಿಮೆಯಾದಾಗಲೇ ಎಂದೆ. ತುಂಬಿದ ಗಾಡಿ ಏರು ಹತ್ತುವಾಗ 95 ಇದ್ದದ್ದು 60ಕ್ಕೆ ಇಳಿಯುವುದು ಯಾವ ದೇವರು ಬಂದರೂ ಸಾಧ್ಯವಿಲ್ಲ. ಇಳಿಯಿತೆಂದರೆ ಸೆನ್ಸರಿನ ತುದಿಯಲ್ಲಿ ನೀರಿಲ್ಲ. ಅವರು ಕೈಪಿಡಿ ತಿರುವಿ ನೋಡಿದರು. ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಇಡಬಹುದಿತ್ತು. ಚೌಕಾಸಿ ಮಾಡದೆ ಹಣ ಎಣಿಸಿದೆ. ಅಗ್ಗದ ಡಬ್ಬಿಯ ಹದಿನಾಲ್ಕು ಪಟ್ಟು ಬೆಲೆ.

ವಾಸ್ತವದಲ್ಲಿ ನೀರಿನ ಮಟ್ಟವನ್ನೇ ನೇರವಾಗಿ ಹೇಳುವ ಸಾಲೊಂದು ಜೆ1939ರಲ್ಲಿ ಇದೆ. ಅದರಲ್ಲಿ ಪ್ರತಿಯೊಂದು ಅಳತೆಗೂ ಎಸ್‌ಪಿಎನ್ ಎಂಬ ಸಂಖ್ಯೆ: ನೀರಿನ ಬಿಸಿ 110, ನೀರಿನ ಮಟ್ಟ 111, ಆಯಿಲ್ ಒತ್ತಡ 100. ಆಸೆಯಿಂದ 111 ಒತ್ತಿದರೆ ನಮ್ಮ ಲಾರಿಯಲ್ಲಿ ಎರಡು ಗೆರೆ ಮಾತ್ರ ಬಂದವು. ಆ ಸೆನ್ಸರನ್ನೇ ನಮ್ಮ ಗಾಡಿಗೆ ಹಾಕಿಲ್ಲ. ಗಾಡಿಗೆ ಗೊತ್ತಿಲ್ಲದ್ದನ್ನು ಎಷ್ಟು ಬೆಲೆಯ ಪರದೆಯೂ ಹೇಳಲಾರದು. ಬಿಎಸ್-6 ಗಾಡಿ ಇರುವ ನನ್ನ ಗೆಳೆಯನಿಗೆ ಬೇರೆಯೇ ಚಿಂತೆ; ಯೂರಿಯಾ ದ್ರಾವಣದ ಮಟ್ಟ, ಹೊಗೆ ಸೋಸುವ ಡಿಪಿಎಫ್ ಎಷ್ಟು ಕಟ್ಟಿಕೊಂಡಿದೆ ಎಂಬುದು ಅವನಿಗೆ ನೀರಿನ ಬಿಸಿಗಿಂತ ಮುಖ್ಯ. ಅವನು ನನ್ನ ಪರದೆಯನ್ನು ಚುಚ್ಚಿ ನೋಡಿ, ಅವೆರಡೂ ಕಾಣದೆ ವಾಪಸ್ ಕೊಟ್ಟ.

ಮರಳುವ ದಾರಿಯಲ್ಲಿ ಕಾಕಾ ಮಾತು ಬಿಟ್ಟರು. ಹುಮನಾಬಾದಿನಲ್ಲಿ ಚಹಾಕ್ಕೆ ಇಳಿದಾಗ ಬಸಿ ಕೆಳಗಿಟ್ಟು ಕೇಳಿದರು: "ಮೂವತ್ತು ವರ್ಷ ನಿಮ್ಮ ಮನೆಯ ಅನ್ನ ತಿಂದಿದ್ದೇನೆ. ಈಗ ನನ್ನ ಮೇಲೆ ಕಣ್ಣಿಡಲು ಇದನ್ನು ತಂದಿರಾ?" ಪರದೆಯ ಒಂದು ಪುಟದಲ್ಲಿ ಗಂಟೆಗೆಷ್ಟು ಲೀಟರ್ ಡೀಸೆಲ್ ಎಂಬುದು ಬರುತ್ತಿತ್ತು, ಅದನ್ನು ಅವರು ನೋಡಿದ್ದರು. ನನಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಆ ಪುಟ ಕಂಡಾಗ ನನ್ನೊಳಗಿನ ಮಾಲೀಕ ಒಮ್ಮೆ ಕಿವಿ ನಿಮಿರಿಸಿದ್ದೂ ಹೌದು. ಅಲ್ಲೇ ಕೂತು ಆ ಪುಟವನ್ನು ತೆಗೆದುಹಾಕಿದೆ. "ಎರಡು ಸಾಲಿದೆ ಕಾಕಾ, ಏನು ಬರಬೇಕೆಂದು ನೀವೇ ಹೇಳಿ" ಎಂದೆ. ಅವರು ಯೋಚಿಸಿ ಮೇಲೆ ನೀರಿನ ಬಿಸಿ, ಕೆಳಗೆ ಆಯಿಲ್ ಒತ್ತಡ ಎಂದರು. ಅಂದಿನಿಂದ ಅದು ಹಾಗೆಯೇ ಇದೆ.

ಮಿತಿ ಎಷ್ಟಿಡಬೇಕೆಂಬುದು ಮತ್ತೊಂದು ಪಾಠ. ಗೊತ್ತಿಲ್ಲದೆ ಮೇಲಿನದನ್ನು 95ಕ್ಕೆ ಇಟ್ಟೆ. ಮರುದಿನ ಲೋಡು ಹೇರಿ ಹೊರಟ ಗಾಡಿ ಕಮಲಾಪುರದ ಕೆಂಪು ಬಾಳೆ ಮಾರುವವರನ್ನು ದಾಟುವ ಮೊದಲೇ ಕಿರುಚಲು ಶುರು ಮಾಡಿ, ಹುಮನಾಬಾದಿನವರೆಗೂ ನಿಲ್ಲಲಿಲ್ಲವಂತೆ. ಗಾಡಿ ಮರಳಿದಾಗ ಸಾಧನದ ಬಾಯಿಗೆ ಪಂಕ್ಚರ್ ಪಟ್ಟಿ ಅಂಟಿಸಿತ್ತು. ಕಾಕಾರನ್ನು ಏನೂ ಕೇಳಲಿಲ್ಲ. ಮುಂದಿನ ಟ್ರಿಪ್ಪಿಗೆ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತೆ. ಕಪನೂರ ಬಿಡುವಾಗ 78. ಸಮತಟ್ಟಿನಲ್ಲಿ 86. ಏರು ಶುರುವಾದ ಮೇಲೆ 91, 94, 97. ಆಗ ಮುಂದೆ ರೇಡಿಯೇಟರ್ ಫ್ಯಾನ್ ಹಿಡಿದುಕೊಂಡು ವಿಮಾನದಂತೆ ಗರ್ಜಿಸಿತು, ನಿಮಿಷದೊಳಗೆ 92. ಮತ್ತೆ 97, ಮತ್ತೆ ಗರ್ಜನೆ. ಇದು ಈ ಗಾಡಿಯ ಆರೋಗ್ಯದ ಉಸಿರಾಟ. ಈ ಹೊತ್ತೆಲ್ಲ ಡ್ಯಾಶ್‌ಬೋರ್ಡಿನ ಮುಳ್ಳು ಎಲ್ಲಿತ್ತು ಎಂದು ಕೇಳಿ. 82ರಲ್ಲೂ ನಡುವೆ, 97ರಲ್ಲೂ ನಡುವೆ, ಕೂದಲೆಳೆಯಷ್ಟೂ ಅಲುಗಲಿಲ್ಲ. ಚಾಲಕರು ಸುಮ್ಮನೆ ಗಾಬರಿಯಾಗದಿರಲೆಂದು ತಯಾರಕರೇ ಮುಳ್ಳನ್ನು ಹೀಗೆ ಮಂದ ಮಾಡಿರುತ್ತಾರೆ ಎಂದು ಆಮೇಲೆ ಉಸ್ತಾದ್ ಹೇಳಿದರು.

ಮೇಲಿನ ಮಿತಿಯನ್ನು 102ಕ್ಕೆ, ಕೆಳಗಿನದನ್ನು 70ಕ್ಕೆ ಇಟ್ಟೆವು. ಬೆಳಗ್ಗೆ ತಣ್ಣಗಿನ ಎಂಜಿನ್ ಎಬ್ಬಿಸಿದಾಗ 70 ಮುಟ್ಟುವವರೆಗೂ ಅದು ಕೂಗುತ್ತದೆ. ಕ್ಲೀನರ್ ಹುಡುಗ ಅದಕ್ಕೆ ಸುಪ್ರಭಾತ ಎಂದು ಹೆಸರಿಟ್ಟಿದ್ದಾನೆ. ಇರಲಿ. ಇನ್ನೆರಡು ಸಣ್ಣ ತಾಪತ್ರಯಗಳು: ಸಾಕೆಟ್ಟಿಗೆ ಚುಚ್ಚಿದ ನೇರ ಪ್ಲಗ್ ಕಾಕಾರ ಮೊಣಕಾಲಿಗೆ ತಾಗಿ ಎರಡು ಸಲ ಕಳಚಿತು, ಬಾಗಿದ ಪ್ಲಗ್ಗಿನ ಮೊಳದುದ್ದದ ತಂತಿ ಹಾಕಿಸಿದೆ. ಹದಿನಾರನೆಯ ತೂತಿಗೆ ಬ್ಯಾಟರಿ ಸದಾ ಜೀವಂತ. ಕೀಲಿ ತೆಗೆದರೂ ಸಾಧನ ಸ್ವಲ್ಪ ಸ್ವಲ್ಪ ಹೀರುತ್ತಿರುತ್ತದೆ. ನಮ್ಮದು 50 ಮಿಲಿಆಂಪಿಯರ್ ಹೀರುತ್ತದೆಂದು ಅಳಿಯ ಅಳೆದ. ದಿನಕ್ಕೆ 1.2 ಆಂಪಿಯರ್-ಗಂಟೆ. ಓಡುವ ಗಾಡಿಗೆ ಲೆಕ್ಕಕ್ಕಿಲ್ಲ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಕಿತ್ತಿಡಬೇಕು.

ಆಗಸ್ಟಿನಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಕಾಕಾ ಫೋನ್ ಮಾಡಿದರು. ವಾಡಿಯಿಂದ ಸಿಮೆಂಟ್ ತುಂಬಿಕೊಂಡು ಬರುತ್ತಿದ್ದರು. ಹಳದಿ ದೀಪ ಹತ್ತಿದೆ, ಪರದೆಯಲ್ಲಿ 110 ಬಂದಿದೆ, ಪಕ್ಕದಲ್ಲಿ ಎಫ್‌ಎಂಐ 3 ಎಂದಿದೆ ಎಂದರು. 110 ಎಂದರೆ ಡಿಗ್ರಿಯಲ್ಲ, ನೀರಿನ ಬಿಸಿಯ ಎಸ್‌ಪಿಎನ್. ಸಂಖ್ಯೆಗಳ ಅರ್ಥ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ನೋಡಿದೆ. ಎಫ್‌ಎಂಐ ಎಂದರೆ ಯಾವ ಬಗೆಯ ದೋಷ ಎಂಬುದು: 110ರ ಪಕ್ಕ ಸೊನ್ನೆ ಇದ್ದರೆ ನೀರು ನಿಜವಾಗಿಯೂ ಅತಿಯಾಗಿ ಕಾದಿದೆ, ಅಲ್ಲೇ ನಿಲ್ಲಿಸಬೇಕು. 3 ಇದ್ದರೆ ಸೆನ್ಸರಿನ ತಂತಿಯ ವೋಲ್ಟೇಜ್ ಹೆಚ್ಚಾಗಿದೆ, ಬಹುಮಟ್ಟಿಗೆ ತಂತಿ ಕಡಿದಿದೆ ಇಲ್ಲವೇ ಪಿನ್ ಸಡಿಲವಾಗಿದೆ. "ಎಂಜಿನ್ ಬಂದ್ ಮಾಡಿ, ನೀರು ನೋಡಿ, ಮುಚ್ಚಳ ತೆಗೆಯಬೇಡಿ, ಡಬ್ಬಿಯ ಗೆರೆ ನೋಡಿ ಸಾಕು" ಎಂದೆ. ನೀರು ಗೆರೆಗಿತ್ತು. ಟಾರ್ಚು ಬಿಟ್ಟು ನೋಡಿದರೆ ಸೆನ್ಸರಿನ ಪ್ಲಗ್ ಅರ್ಧ ಕಳಚಿ ನೇತಾಡುತ್ತಿತ್ತು. ಒತ್ತಿ ಕೂರಿಸಿ, ಗಾಡಿ ಬೆಳಗಿನ ಜಾವಕ್ಕೆ ಮನೆ ಮುಟ್ಟಿತು.

ಸುದ್ದಿ ನಮ್ಮ ಇನ್ನೊಂದು ಲಾರಿಯ ಚಾಲಕನಿಗೂ ಮುಟ್ಟಿತು. ಅದು ತಂದೆ ಕೊಂಡದ್ದು, ಕಂಪ್ಯೂಟರ್ ಇಲ್ಲದ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿ. "ಅಣ್ಣಾ, ನನಗೂ ಒಂದು ತರಿಸಿ ಕೊಡಿ" ಎಂದು ಗಂಜ್ ಮಾರುಕಟ್ಟೆಯಲ್ಲಿ ನನ್ನನ್ನು ತಡೆದು ಕೇಳಿದ. ಎಲ್ಲಿ ಚುಚ್ಚುತ್ತೀಯಪ್ಪಾ ಎಂದರೆ ಡ್ಯಾಶ್‌ಬೋರ್ಡಿನ ಕೆಳಗೆಲ್ಲ ಹುಡುಕಿ, ಬೀಡಿ ಹಚ್ಚುವ ತೂತೊಂದನ್ನು ತೋರಿಸಿದ. ಕೊನೆಗೆ ಅವನಿಗೆ ಉಸ್ತಾದರಿಂದ ತಾಮ್ರದ ಸಣ್ಣ ಕೊಳವೆಯಿರುವ ಹಳೆಯ ಕಾಲದ ಮುಳ್ಳಿನ ಮೀಟರೊಂದನ್ನು ಹಾಕಿಸಿಕೊಟ್ಟೆ. ಅದು ಕೂಗುವುದಿಲ್ಲ, ಆದರೆ ಒಂದು ಡಿಗ್ರಿ ಏರಿದರೂ ಮುಳ್ಳು ಅಲುಗುತ್ತದೆ. ಅದಕ್ಕೆ ಅವನು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾನೆ, ಅಂಕಿ ಅರ್ಧ ಮುಚ್ಚಿಹೋಗಿದೆ.